ಒಂದು ಟ್ಯಾಂಕಿಗೆ ಒಂದು ಟನ್ ಆಲೂಗಡ್ಡೆ

ನಮ್ಮ ಆಟದ ಮೇಜಿನ ಮೇಲೆ ಒಂದು ಕಾರ್ಡು ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಅದರ ತಲೆಯ ಮೇಲೆ ‘ಫೆರೆಟ್’ ಎಂದು ಬರೆದಿದೆ. ಕೆಳಗೆ ಚೌಕಗಳು: ತೂಕ, ವೇಗ, ಮುಂಭಾಗದ ಕವಚ, ಪಕ್ಕದ ಕವಚ, ಹಿಂಭಾಗದ ಕವಚ, ಬಂದೂಕು, ಇಂಧನ. ಕವಚದ ಚೌಕಗಳನ್ನು ಶಾಯಿಯಲ್ಲಿ ತುಂಬಿದ್ದೆ. ಎಂಟು ತಿಂಗಳಾದರೂ ಅವು ಹೊಸದಾಗಿ ಬರೆದ ಹಾಗೇ ಇವೆ. ಇಂಧನದ ಚೌಕವನ್ನು ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಬರೆದು, ಅಳಿಸಿ, ಕೊನೆಗೆ ಅಲ್ಲಿ ಕಾಗದವೇ ತೂತಾಗಿದೆ. ಈಗ ಆ ತೂತಿನ ಹಿಂದೆ ಒಂದು ತುಂಡು ಟೇಪು ಅಂಟಿಸಿ, ಟೇಪಿನ ಮೇಲೆ ಬರೆಯುತ್ತೇವೆ.

ಯುದ್ಧದ ಆಟ ಎಂದರೆ ಗುಂಡು, ಬಾಂಬು, ಕವಚದ ದಪ್ಪ ಅಂದುಕೊಂಡು ಕುಳಿತವನಿಗೆ ಆ ತೂತು ಬುದ್ಧಿ ಹೇಳಿತು.

ಆಟದ ಹೆಸರು ‘ಟ್ವೈಲೈಟ್: 2000’. ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನಲ್ಲಿದ್ದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಎಂಬ ಸಣ್ಣ ಸಂಸ್ಥೆ 1984ರಲ್ಲಿ ಇದನ್ನು ಹೊರತಂದಿತು. ಇದನ್ನು ರೂಪಿಸಿದವರಲ್ಲಿ ಮುಖ್ಯ ಹೆಸರು ಫ್ರಾಂಕ್ ಚಾಡ್ವಿಕ್. ಪಗಡೆಯಂತೆ ಮನೆ ದಾಟಿ ಹಣ್ಣಾಗುವ ಆಟ ಇದಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತು ತಲಾ ಒಬ್ಬ ಸೈನಿಕನ ಪಾತ್ರ ವಹಿಸುತ್ತಾರೆ. ಒಬ್ಬ ರೆಫ್ರಿ ಕಥೆ ಹೇಳುತ್ತಾನೆ. ಅನುಮಾನ ಬಂದಲ್ಲಿ ದಾಳ ತೀರ್ಪು ಕೊಡುತ್ತದೆ. ಕಥೆಯ ಪ್ರಕಾರ ಇಸವಿ 2000. ಮೂರನೇ ಮಹಾಯುದ್ಧ ನಡೆದು, ಒಂದಷ್ಟು ಅಣುಬಾಂಬುಗಳೂ ಬಿದ್ದು, ಗೆದ್ದವರು ಯಾರೂ ಇಲ್ಲ. ಪೋಲೆಂಡಿನ ಕಾಲಿಷ್ ಪಟ್ಟಣದ ಬಳಿ ಅಮೆರಿಕದ 5ನೇ ಡಿವಿಷನ್ ನುಚ್ಚುನೂರಾಗಿದೆ. ಹೆಡ್‌ಕ್ವಾರ್ಟರ್ಸಿನ ಕೊನೆಯ ರೇಡಿಯೊ ಸಂದೇಶದ ಸಾರಾಂಶ ಇಷ್ಟೇ: ಇನ್ನು ನಿಮ್ಮ ದಾರಿ ನಿಮಗೆ. ಆಟ ಶುರುವಾಗುವುದು ಅಲ್ಲಿಂದ, ಅಂದರೆ ಸೈನ್ಯ ಮುಗಿದುಹೋದ ಮೇಲೆ.

ಪ್ರಕಟಿಸಿದ ಸಂಸ್ಥೆ 1996ರಲ್ಲಿ ಬಾಗಿಲು ಹಾಕಿತು. ಆಟ ಸಾಯಲಿಲ್ಲ. ಸ್ವೀಡನ್ನಿನ ಫ್ರೀ ಲೀಗ್ ಎಂಬ ಪ್ರಕಾಶನ 2021ರಲ್ಲಿ ನಾಲ್ಕನೇ ಆವೃತ್ತಿ ತಂದಿತು. ನಾವು ಆಡುವುದು ಹಳೆಯದು, 1990ರ ಎರಡನೇ ಆವೃತ್ತಿ. ಅದಕ್ಕೆ ಕಾರಣ ಅಭಿಮಾನ ಅಲ್ಲ, ಜಿಪುಣತನ.

ನಮ್ಮ ಗುಂಪಿನಲ್ಲಿ ಮೂವರು ಬೆಂಗಳೂರಿನವರು. ನಾಲ್ಕನೆಯವನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕೆಲಸಕ್ಕಿದ್ದಾನೆ. ಲ್ಯಾಪ್‌ಟಾಪಿನ ಪರದೆಯೊಳಗಿಂದ ಆಡುತ್ತಾನೆ. ತನ್ನ ಪಾತ್ರ ಬ್ರಿಟಿಷ್ ಸೈನಿಕನೇ ಆಗಬೇಕು, ಅವನಿಗೆ ಬ್ರಿಟಿಷ್ ಗಾಡಿಯೇ ಬೇಕು ಎಂದು ಹಟ ಹಿಡಿದವನು ಅವನೇ. ರೆಫ್ರಿಯಾದ ನನಗೆ ಕೆಲಸ ಹತ್ತಿಕೊಂಡಿತು. ಬ್ರಿಟನ್ನಿನ ಗಾಲಿಯ ಕವಚದ ಕಾರುಗಳನ್ನು ಒಂದೊಂದಾಗಿ ಆಟದ ಅಂಕಿಗಳಿಗೆ ಇಳಿಸಬೇಕು.

ಈ ಇಳಿಸುವ ಕೆಲಸ ಹೊರಗಿನಿಂದ ನೋಡಿದರೆ ಗುಮಾಸ್ತಗಿರಿ. ಪುಸ್ತಕದಲ್ಲಿ ತೂಕ ನೋಡು, ಬರೆ. ವೇಗ ನೋಡು, ಬರೆ. ವೇಗಕ್ಕೆ ಎರಡು ಅಂಕಿ, ನಡುವೆ ಒಂದು ಓರೆಗೆರೆ: ರಸ್ತೆಯಲ್ಲಿ ಎಷ್ಟು, ಹೊಲದಲ್ಲಿ ಎಷ್ಟು. ಆದರೆ ಈ ಆಟ ಒಂದು ಗಾಡಿಯನ್ನು ಕೇಳುವ ಪ್ರಶ್ನೆಗಳೇ ಬೇರೆ. ನಾಲ್ಕು ಗಂಟೆ ಓಡಿಸಿದರೆ ಎಷ್ಟು ಲೀಟರ್ ಕುಡಿಯುತ್ತೀಯ? ವಾರಕ್ಕೆ ಎಷ್ಟು ಗಂಟೆ ಮೆಕ್ಯಾನಿಕ್ಕನ್ನು ನಿನ್ನ ಹೊಟ್ಟೆಯೊಳಗೆ ಮಲಗಿಸುತ್ತೀಯ? ಎಷ್ಟು ಸವೆದಿದ್ದೀಯ? ಸವೆತಕ್ಕೇ ಒಂದು ಪ್ರತ್ಯೇಕ ಅಂಕಿ ಇದೆ. ಅದು ಏರಿದಷ್ಟೂ ದಾಳ ಕೈಕೊಡುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಸೈನ್ಯದ ಪ್ರದರ್ಶನಗಳಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಹಳೆಯ ಲಾರಿ ಕೊಳ್ಳಲು ಹೋದವನು ಕೇಳುತ್ತಾನೆ.

ಫೆರೆಟ್‌ನಿಂದಲೇ ಶುರು ಮಾಡಿದೆ. ಫೆರೆಟ್ ಎಂದರೆ ಮೊಲದ ಬಿಲದೊಳಕ್ಕೆ ನುಗ್ಗಿಸಲು ಇಂಗ್ಲೆಂಡಿನವರು ಸಾಕುವ, ಮುಂಗುಸಿಯಂಥ ಪುಟ್ಟ ಪ್ರಾಣಿ. ಕಾರಿಗೂ ಅದೇ ಕೆಲಸ: ನುಗ್ಗು, ನೋಡು, ಬಂದು ಹೇಳು. ಕವೆಂಟ್ರಿಯ ಡೈಮ್ಲರ್ ಕಂಪನಿ 1952ರಿಂದ 1971ರವರೆಗೆ 4,409 ಫೆರೆಟ್‌ಗಳನ್ನು ತಯಾರಿಸಿತು. ಇದರ ಅಪ್ಪ, ಎರಡನೇ ಮಹಾಯುದ್ಧದ ಡಿಂಗೊ, ಅದೂ ಡೈಮ್ಲರ್‌ನದೇ. ನಮ್ಮ ಗೆಳೆಯ ಒಂದು ರಜೆಯ ದಿನ ಡಾರ್ಸೆಟ್‌ನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋಗಿ ಬಂದು ಮೊದಲು ಹೇಳಿದ ಮಾತು: “ಇಷ್ಟೇನಾ!” ನಿಜವೇ. ನಮ್ಮ ಸ್ವಿಫ್ಟ್ ಕಾರಿಗಿಂತ ಇದು ಉದ್ದವಿಲ್ಲ. ಎತ್ತರ ಒಬ್ಬ ಆಳೆತ್ತರದ ಮನುಷ್ಯನಷ್ಟು. ತೂಕ ಮಾತ್ರ ನಾಲ್ಕು ಟನ್ನಿನ ಮೇಲೆ. ಒಳಗೆ ಇಬ್ಬರು. ಮೇಲಿನ ಪುಟ್ಟ ಗೋಪುರದಲ್ಲಿ ಒಂದು ಬ್ರೌನಿಂಗ್ ಮೆಷಿನ್‌ಗನ್. ಗೋಪುರವೂ ಇಲ್ಲದ, ತಲೆ ಬಯಲಾದ ಮಾದರಿಯೂ ಇತ್ತು.

ಇದರ ಗೇರಿನ ಕತೆ ಹೇಳಲೇಬೇಕು. ಎಡಗಾಲಿನ ಪೆಡಲು ಕ್ಲಚ್ ಅಲ್ಲ, ಗೇರ್ ಬದಲಿಸುವ ಪೆಡಲು. ಮುಂದಿನ ಗೇರು ಯಾವುದೆಂದು ಸನ್ನೆಯಲ್ಲಿ ಮೊದಲೇ ಆರಿಸಿಟ್ಟುಕೊಳ್ಳಬೇಕು; ಬೇಕೆನಿಸಿದಾಗ ಪೆಡಲನ್ನು ಪೂರ್ತಿ, ತಳ ಮುಟ್ಟುವ ತನಕ ತುಳಿದು ಬಿಡಬೇಕು. ಅಳುಕಿ ಅರ್ಧಕ್ಕೆ ಬಿಟ್ಟಿರೋ, ಅದು ಕತ್ತೆಯ ಹಾಗೆ ಒದೆಯುತ್ತದೆ, ಮೊಣಕಾಲಿಗೇ. ಇನ್ನೊಂದು ವಿಶೇಷ: ಮುಂದಕ್ಕೆ ಐದು ಗೇರು, ಹಿಂದಕ್ಕೂ ಅದೇ ಐದು. ನೋಡಬಾರದ್ದನ್ನು ನೋಡಿಬಿಟ್ಟ ಬೇಹುಗಾರನಿಗೆ ತಿರುಗಿಸಿಕೊಳ್ಳಲು ಪುರುಸೊತ್ತೆಲ್ಲಿ? ಬಂದ ವೇಗದಲ್ಲೇ ಹಿಂದಕ್ಕೆ ಓಡಬೇಕು. ಆಟದ ನಿಯಮದಲ್ಲಿ ಹಿಮ್ಮುಖ ಓಟ ನಿಧಾನದ್ದು. ಫೆರೆಟ್‌ಗೆ ನಾನು ವಿನಾಯಿತಿ ಕೊಟ್ಟೆ. ಆ ಒಂದು ವಿನಾಯಿತಿ ನಮ್ಮವರ ಜೀವವನ್ನು ಎರಡು ಸಲ ಉಳಿಸಿದೆ.

ಆದರೆ ಕೂರಲು ಇಬ್ಬರಿಗೇ ಜಾಗ. ಪಾತ್ರಧಾರಿಗಳು ಮೂವರು. ಮೂರನೆಯವನು ಎಂಟು ತಿಂಗಳಿಂದ ಹಿಂಭಾಗದ ಎಂಜಿನ್ ಮುಚ್ಚಳದ ಮೇಲೆ ಕೂತು ಪೋಲೆಂಡ್ ನೋಡುತ್ತಿದ್ದಾನೆ. ಚಳಿಗಾಲದಲ್ಲಿ ಅದೇ ಒಳ್ಳೆಯ ಸೀಟು, ಬೆಚ್ಚಗಿರುತ್ತದೆ ಎಂದು ಅವನ ವಾದ.

ಮುಂದಿನ ಕಾರ್ಡು ಸಲಾಡಿನ್. ಧರ್ಮಯುದ್ಧದಲ್ಲಿ ತಮ್ಮ ಎದುರಾಳಿಯಾಗಿದ್ದ ಸುಲ್ತಾನನ ಹೆಸರನ್ನು ಬ್ರಿಟಿಷರು ತಮ್ಮದೇ ಗಾಡಿಗೆ ಇಟ್ಟುಕೊಂಡರು. ಆರು ಗಾಲಿ, 76 ಮಿಲಿಮೀಟರ್ ಫಿರಂಗಿ, ಹನ್ನೊಂದೂವರೆ ಟನ್ನು. ಇದನ್ನು ತಯಾರಿಸಿದ ಆಲ್ವಿಸ್ ಕಂಪನಿಯೂ ಕವೆಂಟ್ರಿಯದೇ. ಇದರ ಜೋಡಿ ಸರಾಸೆನ್, ಸೈನಿಕರನ್ನು ಹೊತ್ತೊಯ್ಯುವ ಆರು ಗಾಲಿಯ ಪೆಟ್ಟಿಗೆ. ಮಲಯಾದಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳ ವಿರುದ್ಧ ಕಾದಾಟ ನಡೆದಿದ್ದರಿಂದ ಅವಸರ ಬಿದ್ದು, ಫಿರಂಗಿಯ ಸಲಾಡಿನ್‌ಗಿಂತ ಮೊದಲು ಸರಾಸೆನ್ನೇ ಹೊರಬಂತು. ಒಂದು ಗಾಲಿ ಹಾರಿಹೋದರೂ ಈ ಗಾಡಿಗಳು ಕುಂಟಿಕೊಂಡು ಮನೆ ಸೇರುತ್ತವೆ. ಆದರೆ ಒಂದು ಪಕ್ಕದ ಮೂರೂ ಗಾಲಿಗಳು ಒಂದಕ್ಕೊಂದು ಕಟ್ಟುಬಿದ್ದು ಒಂದೇ ವೇಗದಲ್ಲಿ ತಿರುಗಬೇಕು. ಕೆಸರಿನಲ್ಲಿ ಇದು ವರ. ಡಾಂಬರಿನ ಮೇಲೆ ಶಾಪ: ಗಾಲಿ ಜಾರಲು ಆಸ್ಪದವಿಲ್ಲದೆ ಒಳಗಿನ ದಂಡಗಳು ಹಗ್ಗ ಹೊಸೆದಂತೆ ಬಿಗಿಯುತ್ತವೆ. ಆಗಾಗ ಒಂದು ಗಾಲಿಯನ್ನು ರಸ್ತೆಯ ಅಂಚಿಗೆ ಹತ್ತಿಸಿ ಇಳಿಸಿ ಆ ಬಿಗಿತ ಬಿಡಿಸಬೇಕು. ಮರೆತ ಚಾಲಕನಿಗೆ ಸವೆತದ ಅಂಕಿ ಒಂದು ಜಾಸ್ತಿ. ಇದು ನನ್ನ ಸ್ವಂತ ನಿಯಮ, ಪುಸ್ತಕದಲ್ಲಿಲ್ಲ.

ಫೆರೆಟ್‌ನ ಹೊಟ್ಟೆಯಲ್ಲಿರುವುದು ರೋಲ್ಸ್-ರಾಯ್ಸ್ ಬಿ60 ಎಂಜಿನ್, ಆರು ಸಿಲಿಂಡರ್. ಸಲಾಡಿನ್, ಸರಾಸೆನ್‌ಗಳಲ್ಲಿರುವುದು ಬಿ80, ಎಂಟು ಸಿಲಿಂಡರ್. ಒಂದೇ ಕುಟುಂಬದ ಎಂಜಿನ್‌ಗಳಾದ್ದರಿಂದ ಎಷ್ಟೋ ಬಿಡಿಭಾಗ ಅದಲುಬದಲಾಗುತ್ತವೆ. ಸತ್ತುಬಿದ್ದ ಸರಾಸೆನ್ ಒಂದು ಸಿಕ್ಕರೆ ಫೆರೆಟ್ ಇನ್ನೊಂದು ವರ್ಷ ಬದುಕುತ್ತದೆ. ಅಂಗಡಿಯೇ ಇಲ್ಲದ ಲೋಕದಲ್ಲಿ ನೆಂಟರಿದ್ದವರು ಉಳಿಯುತ್ತಾರೆ; ಯಂತ್ರಗಳಿಗೂ ಆ ಮಾತು ಸಲ್ಲುತ್ತದೆ.

ಫಾಕ್ಸ್ ಈ ಕುಟುಂಬದ್ದಲ್ಲ. 1970ರ ದಶಕದ ಗಾಡಿ ಇದು. ಉಕ್ಕಿನ ಬದಲು ಅಲ್ಯೂಮಿನಿಯಂ ಕವಚ, ಜಾಗ್ವಾರ್‌ನ 4.2 ಲೀಟರ್ ಎಂಜಿನ್, ಗಂಟೆಗೆ ನೂರು ಕಿಲೋಮೀಟರ್ ದಾಟುವ ಓಟ, 30 ಮಿಲಿಮೀಟರ್‌ನ ರಾರ್ಡನ್ ತೋಪು. ನೋಡಲು ಸೊಗಸು. ಆದರೆ ಮೈ ಕಿರಿದು, ತಲೆ ಭಾರ. ತಿರುವಿನಲ್ಲಿ ಮಗುಚಿಕೊಳ್ಳುತ್ತದೆ ಎಂಬ ಅಪಖ್ಯಾತಿ ಅದನ್ನು ಕೊನೆಯವರೆಗೂ ಬಿಡಲಿಲ್ಲ. 1990ರ ದಶಕದ ಆರಂಭದಲ್ಲಿ ಸೈನ್ಯ ಅದನ್ನು ಮನೆಗೆ ಕಳಿಸಿ, ಗೋಪುರಗಳನ್ನು ಮಾತ್ರ ಕಿತ್ತು, ಹಳೆಯ ಸ್ಕಾರ್ಪಿಯನ್ ಹಗುರ ಟ್ಯಾಂಕುಗಳ ಮೇಲೆ ಕೂರಿಸಿ, ಸೇಬರ್ ಎಂದು ಹೆಸರಿಟ್ಟಿತು. ಫೆರೆಟ್ ಅದಕ್ಕಿಂತ ಇಪ್ಪತ್ತು ವರ್ಷ ಹಿರಿಯ. 1991ರ ಕೊಲ್ಲಿ ಯುದ್ಧದಲ್ಲೂ ಬ್ರಿಟಿಷರ ಜೊತೆ ಓಡಾಡಿಕೊಂಡಿತ್ತು.

ಫೆರೆಟ್‌ಗಿಂತ ಮೊದಲು ನಮ್ಮವರು ಓಡಿಸುತ್ತಿದ್ದುದು ಫಾಕ್ಸ್. ಆಗ ಅದರ ರಾರ್ಡನ್ ಬಗ್ಗೆ ಒಂದು ಜಗಳ ನಡೆಯಿತು. ಕಥೆಯಲ್ಲಿ ನಮ್ಮವರಿಗೆ ಕೆಟ್ಟುನಿಂತ ಸೋವಿಯತ್ ಕವಚದ ಗಾಡಿ ಬಿಎಂಪಿ-2 ಸಿಕ್ಕಿತು, ಒಳಗೆ 30 ಮಿಲಿಮೀಟರ್ ಗುಂಡುಗಳ ರಾಶಿ. “ನಮ್ಮ ಫಾಕ್ಸ್‌ದೂ 30!” ಎಂದು ಕುಣಿದಾಡಿದರು. ಇಲ್ಲ. ಸೋವಿಯತ್ ಗುಂಡಿನ ಕೋಶದ ಉದ್ದ 165 ಮಿಲಿಮೀಟರ್, ರಾರ್ಡನ್‌ದು 170. ಅಕ್ಕಿಕಾಳಿನಷ್ಟು ವ್ಯತ್ಯಾಸಕ್ಕೆ ಇಡೀ ರಾಶಿ ಗುಜರಿ ಆಯಿತು. ಮೆಷಿನ್‌ಗನ್ನಿನ ಕತೆ ಇನ್ನೂ ಗೋಜಲು: 7.62 ಎಂಬ ಒಂದೇ ಅಂಕಿ ಹೊತ್ತು ನ್ಯಾಟೋದವರದೊಂದು, ರಷ್ಯನ್ನರವು ಎರಡು ಗುಂಡುಗಳಿವೆ. ಫೆರೆಟ್‌ನ ಬ್ರೌನಿಂಗ್‌ನದು ಇವು ಮೂರೂ ಅಲ್ಲದ ಹಳೆಯ ಅಮೆರಿಕನ್ ಅಳತೆ. ಒಂದರ ಚೀಲ ಇನ್ನೊಂದರ ಬಾಯಿಗೆ ಹೊಂದುವುದಿಲ್ಲ. ಎರಡು ತಿಂಗಳಲ್ಲಿ ಫಾಕ್ಸ್‌ನ ತೋಪು ಅಲಂಕಾರಕ್ಕೆ ನಿಂತಿತು. ಫಾಕ್ಸನ್ನು ಒಂದು ಹಳ್ಳಕ್ಕೆ ತಳ್ಳಿ ಫೆರೆಟ್ ಹತ್ತಿದರು.

ಈಗ ಆ ತೂತಿನ ವಿಷಯ, ಇಂಧನ.

ಪೆಟ್ರೋಲ್ ಇಲ್ಲ. ಸಂಸ್ಕರಣಾಗಾರಗಳೆಲ್ಲ ಬೂದಿ. ಹಾಗಾದರೆ ಗಾಡಿ ಓಡುವುದು ಯಾವುದರಿಂದ? ಆಟದ ಉತ್ತರ: ಕಳ್ಳಭಟ್ಟಿಯಿಂದ. ಪ್ರತಿ ಗುಂಪೂ ಒಂದು ಭಟ್ಟಿ ಹೊತ್ತು ತಿರುಗುತ್ತದೆ. ಎರಡು ದಿನ ಸಾಗಿ, ನಾಲ್ಕು ದಿನ ನಿಂತು ಬಟ್ಟಿ ಇಳಿಸುತ್ತದೆ. ಇಂಧನ ಚೆಲ್ಲಾಡುವ ಸೈನ್ಯ ಹೀಗೆ ನಿಂತು ನಿಂತು ಸಾಗುವ ಅಲೆಮಾರಿಗಳ ಗುಂಪಾಗಿಬಿಡುತ್ತದೆ. ಚಾಡ್ವಿಕ್ ಮತ್ತು ಸಂಗಡಿಗರ ಈ ಒಂದು ನಿಯಮಕ್ಕೆ ನಾನು ಉಳಿದೆಲ್ಲ ಯುದ್ಧದ ಆಟಗಳನ್ನು ಬಿಟ್ಟುಕೊಡಬಲ್ಲೆ.

ಇಲ್ಲೊಂದು ಸ್ವಾರಸ್ಯ ಇದೆ. ಆಲ್ಕೊಹಾಲ್‌ಗೆ ಕಿಡಿ ಬೇಕು. ಡೀಸೆಲ್ ಎಂಜಿನ್ನು ಗಾಳಿಯನ್ನು ಹಿಂಡಿದ ಕಾವಿನಿಂದಲೇ ಇಂಧನ ಹೊತ್ತಿಸುವಂಥದು, ಅದಕ್ಕೆ ಬರೀ ಆಲ್ಕೊಹಾಲ್ ಒಗ್ಗುವುದಿಲ್ಲ. ಬಹುಪಾಲು ಸೈನ್ಯಗಳು ಜಾಣತನದಿಂದ ಡೀಸೆಲ್‌ಗೆ ಹೊರಳಿದ್ದವು. ಹಳೆಯ ಬ್ರಿಟಿಷ್ ಕಾರುಗಳು ಇನ್ನೂ ಪೆಟ್ರೋಲ್ ಹಿಡಿದು ಕೂತಿದ್ದವು: ಫೆರೆಟ್, ಸಲಾಡಿನ್, ಫಾಕ್ಸ್, ಎಲ್ಲವೂ. ಅವುಗಳ ಕಾಲದಲ್ಲಿ ಅದು ಕುಂದು, ಬೆಂಕಿಯ ಭಯ. ಲೋಕ ಮುಳುಗಿದ ಮೇಲೆ ಅದೇ ಪುಣ್ಯ. ಕಾರ್ಬ್ಯುರೇಟರಿನ ಜೆಟ್ ಅಗಲಿಸಿ, ಮುಂಜಾನೆ ಚಳಿಗೆ ಒಂದು ಹನಿ ನಿಜವಾದ ಪೆಟ್ರೋಲ್ ಹನಿಸಿ ಕೆಮ್ಮಿಸಿದರೆ ಹೊರಡುತ್ತದೆ. ಬ್ರಿಟನ್ನಿನಿಂದ ಜರ್ಮನಿಗೆ ಕಾಲ್ದಳ ಸಾಗಿಸಲೆಂದು ಬೆಡ್‌ಫರ್ಡ್ ಲಾರಿಯ ಭಾಗಗಳಿಂದ ಕಟ್ಟಿದ ಸ್ಯಾಕ್ಸನ್ ಡೀಸೆಲ್‌ನದು. ನನ್ನ ಮೇಜಿನ ಮೇಲೆ ಅದು ಕೋಳಿಗೂಡಾಗಿದೆ. ನಿಜ ಜಗತ್ತಿನಲ್ಲಿ ಅದಕ್ಕೆ ಬೇರೆ ಗತಿ ಕಾದಿತ್ತು: ಬ್ರಿಟನ್ ಮಾರಿದ ಹಳೆಯ ಸ್ಯಾಕ್ಸನ್‌ಗಳು 2015ರಲ್ಲಿ ಉಕ್ರೇನಿಗೆ ಹೋಗಿಳಿದವು. ಪೂರ್ವ ಯೂರೋಪಿನಲ್ಲಿ ಬ್ರಿಟಿಷ್ ಕವಚದ ಗಾಡಿ ಎಂಬುದು ಆಮೇಲೆ ಆಟದ ಮಾತಾಗಿ ಉಳಿಯಲಿಲ್ಲ.

ಇ20 ಪೆಟ್ರೋಲ್ ಬಂದ ಮೇಲೆ ಮೈಲೇಜ್ ಬಿತ್ತು ಎಂದು ಬಂಕಿನಲ್ಲಿ ಗೊಣಗುವ ನಮಗೆ ಮುಂದಿನ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಎಥನಾಲ್‌ನಲ್ಲಿ ಶಕ್ತಿ ಲೀಟರಿಗೆ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ. ಫೆರೆಟ್‌ನ ಟ್ಯಾಂಕಿಗೆ 96 ಲೀಟರ್ ಹಿಡಿಯುತ್ತದೆ. ಪೆಟ್ರೋಲಾದರೆ ಸುಮಾರು 300 ಕಿಲೋಮೀಟರ್, ಎಥನಾಲಾದರೆ 200. ಒಂದು ಟನ್ ಆಲೂಗಡ್ಡೆಯಿಂದ ಇಳಿಯುವ ಎಥನಾಲ್ ಹೆಚ್ಚುಕಡಿಮೆ 100 ಲೀಟರ್. ಅಂದರೆ ಒಂದು ಟ್ಯಾಂಕಿಗೆ ಒಂದು ಟನ್, ಕಿಲೋಮೀಟರಿಗೆ ಐದು ಕೆ.ಜಿ. ಸಲಾಡಿನ್ ಆದರೆ ಕಿಲೋಮೀಟರಿಗೆ ಒಂಬತ್ತು. ಇದು ಒಳ್ಳೆಯ ಭಟ್ಟಿಯ ಲೆಕ್ಕ. ಹಳೇ ಡ್ರಮ್ಮು, ತಾಮ್ರದ ಕೊಳವೆಯ ಭಟ್ಟಿಯಲ್ಲಿ ಇದಕ್ಕಿಂತ ಕಡಿಮೆಯೇ.

ಈ ಲೆಕ್ಕ ಬಿಡಿಸಿ ಕಾಗದದ ಮೇಲೆ ಇಟ್ಟ ದಿನ ಮೇಜು ಸ್ವಲ್ಪ ಹೊತ್ತು ಸುಮ್ಮನಾಯಿತು. ಬೇರೇನೂ ಇಲ್ಲದೆ ಬರೀ ಆಲೂಗಡ್ಡೆಯಲ್ಲಿ ಬದುಕಬೇಕಾದ ಮನುಷ್ಯನಿಗೆ ದಿನಕ್ಕೆ ಮೂರು ಕೆ.ಜಿ. ಬೇಕು. ಒಂದು ಟನ್ ಅಂದರೆ ಅವನ ಹೆಚ್ಚುಕಡಿಮೆ ಒಂದು ವರ್ಷದ ಊಟ. ಕಾಲಿಷ್‌ನಿಂದ ಕ್ರಾಕುಫ್ ನಗರಕ್ಕೆ ಹೋಗಲು ಒಂದು ಟ್ಯಾಂಕು ಸಾಲದು. ಅಂದರೆ ಯಾವುದೋ ಹಳ್ಳಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ವರ್ಷದ ತುತ್ತನ್ನು ಸುಟ್ಟು ನಾವು ಮೂವರು ಊರು ಸೇರಬೇಕು. ಎಂಟು ತಿಂಗಳಿಂದ ‘ಇಂಧನ ತುಂಬಿಸಿದೆವು’ ಎಂದು ಸಲೀಸಾಗಿ ಹೇಳುತ್ತಿದ್ದ ಮಾತಿನ ಬೆಲೆ ಅದು. ಅದನ್ನು ಕೊಟ್ಟವರು ಯಾರು, ಕೊಟ್ಟರೋ, ನಾವು ಕಸಿದೆವೋ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈ ಕಾರುಗಳ ಹಿನ್ನೆಲೆ ತಿಳಿದವರಿಗೆ ಇದರಲ್ಲಿ ಅಚ್ಚರಿ ಇಲ್ಲ. ಬ್ರಿಟಿಷರು ಗಾಲಿಯ ಕವಚದ ಕಾರನ್ನು ಅಷ್ಟು ಹಚ್ಚಿಕೊಂಡದ್ದು ದೊಡ್ಡ ಯುದ್ಧಗಳಿಗಾಗಿ ಮಾತ್ರವಲ್ಲ. 1914ರಲ್ಲಿ ರೋಲ್ಸ್-ರಾಯ್ಸ್ ಚಾಸಿಗೆ ಉಕ್ಕು ಹೊದಿಸಿ ಫ್ರಾನ್ಸಿನಲ್ಲಿ ಓಡಿಸಿದರು; ಆದರೆ ಕಂದಕಗಳ ಯುದ್ಧ ಶುರುವಾದೊಡನೆ ಅಲ್ಲಿ ಅದಕ್ಕೆ ಜಾಗವಿಲ್ಲದಾಯಿತು. ಅದು ಬಾಳಿ ಬೆಳಗಿದ್ದು ಮರುಭೂಮಿಯಲ್ಲಿ, ಆಮೇಲೆ ಸಾಮ್ರಾಜ್ಯದ ಉದ್ದಾನುದ್ದ ರಸ್ತೆಗಳಲ್ಲಿ. ಎದುರಾಳಿಯ ಬಳಿ ಬಂದೂಕಿದೆ, ಫಿರಂಗಿ ಇಲ್ಲ. ರಸ್ತೆ ಉದ್ದ, ಸಿಪಾಯಿಗಳು ಕಡಿಮೆ. ಅಂಥಲ್ಲಿ ಇದಕ್ಕಿಂತ ಅಗ್ಗದ ದರ್ಪ ಇನ್ನೊಂದಿಲ್ಲ. ಭಾರತಕ್ಕೆಂದೇ ರೋಲ್ಸ್-ರಾಯ್ಸ್‌ನ ಪ್ರತ್ಯೇಕ ‘ಇಂಡಿಯನ್ ಪ್ಯಾಟರ್ನ್’ ಇತ್ತು. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಫೋರ್ಡ್ ಚಾಸಿಗಳಿಗೆ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ತಗಡು ಹೊದಿಸಿ 4,600ಕ್ಕೂ ಹೆಚ್ಚು ಗಾಡಿ ಕಟ್ಟಿದರು. ಅವಕ್ಕೆ ‘ಟಾಟಾನಗರ್’ ಎಂದೇ ಅಡ್ಡಹೆಸರು.

ಆಟದ ಪೋಲೆಂಡೂ ಅಂಥದೇ ನೆಲ: ಮುರಿದ ರಸ್ತೆ, ಚೆಕ್‌ಪೋಸ್ಟು, ಬಂದೂಕಿನ ದರೋಡೆಕೋರರು, ಹೆದರಿದ ಹಳ್ಳಿ. ಫೆರೆಟ್ ಅಲ್ಲಿ ಗೆಲ್ಲುವುದು ಆಕಸ್ಮಿಕ ಅಲ್ಲ. ಅದು ಹುಟ್ಟಿದ ಕೆಲಸವೇ ಅದು. ಐವತ್ತು ಟನ್ ಮೀರಿದ ಚೀಫ್ಟನ್ ಟ್ಯಾಂಕು ದಾಟಲಾರದ ಮರದ ಸೇತುವೆಯನ್ನು ನಾಲ್ಕು ಟನ್ನಿನ ಪುಟ್ಟ ಗಾಡಿ ದಾಟಿ ಊರ ಬಾಗಿಲಲ್ಲಿ ನಿಲ್ಲುತ್ತದೆ. ಒಳಗಿದ್ದವನಿಗೆ ತಾನು ಮನೆಗೆ ಹೊರಟ ಬಡಪಾಯಿ. ಊರವರಿಗೆ ಅವನು ತೆರಿಗೆ ವಸೂಲಿಗೆ ಬಂದ ಅಧಿಕಾರಿ. ಫೆರೆಟ್ ಓಡಿಸುವ ಕಡೆಯಲ್ಲಿ ಕೂತು ನೋಡುವ ಸುಖ, ನಮ್ಮ ಅಜ್ಜಂದಿರು ರಸ್ತೆಬದಿಯಲ್ಲಿ ನಿಂತು ನೋಡಿದ್ದಕ್ಕೆ ತದ್ವಿರುದ್ಧ ಎಂಬುದು ಬೆಂಗಳೂರಿನ ಮೇಜಿನಲ್ಲಿ ಕೂತವರಿಗೆ ಬೇಗ ಹೊಳೆಯಬೇಕಿತ್ತು. ತಡವಾಯಿತು.

ಹೋದ ಭಾನುವಾರದ ಆಟದಲ್ಲಿ ವಾರ್ತಾ ನದಿಯ ಈಚೆ ಒಂದು ಹಳ್ಳಿ. ತಿಂಗಳು ಏಪ್ರಿಲ್. ಟ್ಯಾಂಕಿನಲ್ಲಿ ಒಂಬತ್ತು ಲೀಟರ್. ಊರಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಇದೆ, ಬಿತ್ತನೆಗೆ ಇಟ್ಟದ್ದು. ಹಳೆಯ ಅಭ್ಯಾಸದಂತೆ ಗೋಪುರದವನು ಬ್ರೌನಿಂಗ್ ತಿರುಗಿಸಲು ಹೋಗಿ, ದಾಳ ಕೈಗೆತ್ತಿಕೊಂಡು, ಹಾಗೇ ಕೆಳಗಿಟ್ಟ. ಎಂಜಿನ್ ಮುಚ್ಚಳದ ಮೇಲಿನವನು ಇಳಿದು ಹೋಗಿ ಮಾತಾಡಿದ. ಊರಿನ ಯಜಮಾನಿ ಮುದುಕಿ, ಅಂದರೆ ನಾನು, ಗಾಡಿಯನ್ನು ಒಂದು ಸುತ್ತು ನೋಡಿ ಬಂದು ಬೆಲೆ ಹೇಳಿದೆ. ಅವಳಿಗೆ ಮೆಷಿನ್‌ಗನ್ ಬೇಡ, ರಕ್ಷಣೆಯೂ ಬೇಡ. ಊರಿನ ಕುದುರೆಗಳನ್ನು ಕಳೆದ ಚಳಿಗಾಲದಲ್ಲಿ ಯಾವುದೋ ಸೈನ್ಯ ತಿಂದು ಹೋಗಿದೆ. ಇದು ನೇಗಿಲು ಎಳೆಯುತ್ತದಾ?

ನಾಲ್ಕು ಗಾಲಿಗೂ ಬಲ, ನೂರಿಪ್ಪತ್ತೊಂಬತ್ತು ಕುದುರೆ ಶಕ್ತಿ. ಎಳೆಯದೇ ಇರುತ್ತದೆಯೆ? ಆದರೆ ಕಾರ್ಡಿನಲ್ಲಿ ಅದಕ್ಕೊಂದು ಚೌಕ ಇರಲಿಲ್ಲ. ಕಾರ್ಡನ್ನು ಬೆನ್ನಿಗೆ ತಿರುಗಿಸಿ, ಟೇಪಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಹೊಸ ಚೌಕ ಎಳೆದು ‘ಉಳುಮೆ’ ಎಂದು ಬರೆದೆ. ಲೀಟರಿಗೆ ಎಷ್ಟು ಎಕರೆ ಎಂದು ಮೂವರೂ ಜಗಳಕ್ಕೆ ಬಿದ್ದರು. ಪರದೆಯೊಳಗಿನ ಕವೆಂಟ್ರಿಯವನು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ.

“ಹಿಂದಕ್ಕೂ ಐದು ಗೇರಿದೆ ಕಣ್ರೋ. ಎರಡೂ ತುದಿಗೆ ನೇಗಿಲು ಕಟ್ಟಿ. ಸಾಲಿನ ಕೊನೆಯಲ್ಲಿ ಗಾಡಿ ತಿರುಗಿಸೋದೇ ಬೇಡ.”